ಸೈಕಲ್ ಸವೆತ, ತಪಾಸಣೆ, ಸುರಕ್ಷತೆ: ಮೈಸೂರು, ಮಂಡ್ಯದ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಸೈಕಲ್ ಮೇಲೆ ಕೆಲಸಕ್ಕೆ ಹೋಗಿಬರುವವರು, ಬೆಳಗಿನ ಜಾವ ಚಾಮುಂಡಿ ಬೆಟ್ಟ ಹತ್ತುವವರು, ಮಂಡ್ಯದ ನಾಲೆ ಏರಿಯ ಮೇಲೆ ಹಾಲು, ಹುಲ್ಲು ಸಾಗಿಸುವವರು, ಶಾಲೆಗೆ ಹೋಗುವ ಮಕ್ಕಳ ತಂದೆತಾಯಂದಿರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇರಿಸಿಕೊಂಡಿದ್ದೇನೆ. ಸುಲಭವಾದವು ಮೊದಲು, ಲೋಹದ ಒಳಗುಟ್ಟಿಗೆ ಸಂಬಂಧಿಸಿದವು ಆಮೇಲೆ ಬರುತ್ತವೆ. ಬೇಕಾದ ಉತ್ತರವನ್ನಷ್ಟೇ ಓದಿಕೊಳ್ಳಬಹುದು.

## ಆರಂಭದ ಪ್ರಶ್ನೆಗಳು

ದಿನಾ ಓಡಿಸೋ ಸೈಕಲ್‌ನಲ್ಲಿ ನೋಡೋದೇನಿದೆ? ಕೆಟ್ಟಾಗ ಶಾಪಿಗೆ ಕೊಟ್ಟರೆ ಸಾಲದೇ?

ಸಾಲದು. ಸೈಕಲ್ಲಿನ ಭಾಗಗಳು ಎರಡು ಬಗೆಯಲ್ಲಿ ಹಾಳಾಗುತ್ತವೆ. ಚೈನು, ಟೈರು, ಬ್ರೇಕ್ ರಬ್ಬರು, ರಿಮ್ಮು ಇವು ಉಜ್ಜಿ ಉಜ್ಜಿ ಸವೆಯುತ್ತವೆ. ಸವೆತವನ್ನು ಕಣ್ಣಿನಿಂದ ನೋಡಬಹುದು, ಅಳತೆಪಟ್ಟಿಯಿಂದ ಅಳೆಯಬಹುದು. ಹ್ಯಾಂಡಲ್, ಮುಂದಿನ ಚಕ್ರ ಹಿಡಿದಿರುವ ಫೋರ್ಕ್, ಪೆಡಲ್ ಕಟ್ಟುವ ಕ್ರ್ಯಾಂಕ್, ಫ್ರೇಮು ಇವು ಹಾಗಲ್ಲ. ಸಾವಿರಾರು ಬಾರಿ ಸ್ವಲ್ಪ ಸ್ವಲ್ಪ ಬಾಗಿ ಬಾಗಿ ಒಳಗೇ ದಣಿಯುತ್ತವೆ, ಕೊನೆಯವರೆಗೂ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದು ಒಂದು ದಿನ ಮುರಿಯುತ್ತವೆ. ಈ ಎರಡನೆಯ ಬಗೆಯ ಭಾಗಗಳು ಕೆಟ್ಟಾಗ ಶಾಪಿಗೆ ಹೋಗುವ ಅವಕಾಶವೇ ಇರುವುದಿಲ್ಲ, ಏಕೆಂದರೆ ಅವು ಕೆಡುವುದು ನೀವು ಸೀಟಿನ ಮೇಲೆ ಕುಳಿತಿರುವಾಗ. ಆದರೂ ಬಹುಪಾಲು ಸಂದರ್ಭಗಳಲ್ಲಿ ಮುರಿಯುವುದಕ್ಕೆ ಮೊದಲು ಒಂದು ಸಣ್ಣ ಗೆರೆಯೋ, ಹೊಸ ಸದ್ದೋ, ಅಲುಗಾಟವೋ ಕಾಣಿಸಿಕೊಳ್ಳುತ್ತದೆ. ಅದನ್ನು ಗುರುತಿಸಬಲ್ಲವರು ಆ ಸೈಕಲ್ಲನ್ನು ದಿನವೂ ಓಡಿಸುವ ನೀವೇ.

ನೋಡುವಾಗ ಮುಂಭಾಗಕ್ಕೆ ಹೆಚ್ಚು ಗಮನ ಕೊಡಿ. ಹಿಂದಿನ ಚಕ್ರದಲ್ಲಿ ಏನಾದರೂ ಮುರಿದರೆ ಸಾಮಾನ್ಯವಾಗಿ ಸೈಕಲ್ ಎಳೆದಾಡಿ ನಿಲ್ಲುತ್ತದೆ. ಫೋರ್ಕ್, ಹ್ಯಾಂಡಲ್ ಅಥವಾ ಮುಂದಿನ ಚಕ್ರ ಕೈಕೊಟ್ಟರೆ ಸವಾರ ಮುಖ ಮುಂದಾಗಿ ರಸ್ತೆಗೆ ಬೀಳುತ್ತಾನೆ.

ಹೊರಡೋಕೆ ಮುಂಚೆ ಎರಡು ನಿಮಿಷ ಮಾತ್ರ ಇರುತ್ತೆ. ಏನು ನೋಡಲಿ?

ಎರಡೂ ಟೈರುಗಳನ್ನು ಹೆಬ್ಬೆರಳಿನಿಂದ ಒತ್ತಿ ಗಾಳಿ ನೋಡಿ. ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ. ಹ್ಯಾಂಡಲಿನ ಬುಡದಲ್ಲಿ ಟಕ್ ಟಕ್ ಎಂದರೆ ಅಲ್ಲಿನ ಕಪ್ ಸಡಿಲವಾಗಿದೆ ಎಂದು ಅರ್ಥ. ಹಿಂದಿನ ಬ್ರೇಕನ್ನೂ ಹಾಗೆಯೇ ಪರೀಕ್ಷಿಸಿ. ಬ್ರೇಕ್ ಹಿಡಿ ಹ್ಯಾಂಡಲಿಗೆ ತಾಗುವಷ್ಟು ಒಳಗೆ ಬರಬಾರದು. ಮುಂದಿನ ಚಕ್ರವನ್ನು ಎರಡು ಕಾಲುಗಳ ನಡುವೆ ಹಿಡಿದು ಹ್ಯಾಂಡಲನ್ನು ತಿರುಗಿಸಲು ಯತ್ನಿಸಿ; ಅದು ಜಾರಬಾರದು. ಕೊನೆಯಲ್ಲಿ ಸೈಕಲ್ಲನ್ನು ನಾಲ್ಕು ಬೆರಳು ಎತ್ತರಕ್ಕೆ ಎತ್ತಿ ನೆಲಕ್ಕೆ ಬಿಟ್ಟು ಕಿವಿಗೊಟ್ಟು ಕೇಳಿ. ನಿನ್ನೆ ಇಲ್ಲದ ಸದ್ದು ಇಂದು ಕೇಳಿಸಿದರೆ ಅದು ಎಲ್ಲಿಂದ ಬಂತೆಂದು ತಿಳಿಯುವವರೆಗೆ ಹೊರಡಬೇಡಿ.

ಟ್ರಿಣ್ ಟ್ರಿಣ್ ಸೈಕಲ್ ತಗೊಳ್ಳುವಾಗಲೂ ಇದೆಲ್ಲ ಬೇಕಾ?

2017ರಲ್ಲಿ ಮೈಸೂರಿನಲ್ಲಿ ಆರಂಭವಾದ ಟ್ರಿಣ್ ಟ್ರಿಣ್‌ನಂಥ ಹಂಚಿಕೆಯ ಸೈಕಲ್ಲಿಗೆ ಇದು ಇನ್ನೂ ಹೆಚ್ಚು ಬೇಕು, ಏಕೆಂದರೆ ನಿಮಗಿಂತ ಮೊದಲು ಓಡಿಸಿದವರು ಅದನ್ನು ಹೇಗೆ ನಡೆಸಿಕೊಂಡರೆಂದು ನಿಮಗೆ ಗೊತ್ತಿರುವುದಿಲ್ಲ. ಎರಡು ಬ್ರೇಕು, ಎರಡು ಟೈರು, ಜಾರದ ಸೀಟು, ನೇರವಾದ ಹ್ಯಾಂಡಲು, ಇಷ್ಟನ್ನು ನಿಲ್ದಾಣದಲ್ಲಿಯೇ ನೋಡಿ, ಅನುಮಾನ ಬಂದರೆ ಬೇರೆ ಸೈಕಲ್ ತೆಗೆದುಕೊಳ್ಳಿ.

ಎಷ್ಟು ದಿನಕ್ಕೊಮ್ಮೆ ಓವರಾಯಿಲಿಂಗ್ ಮಾಡಿಸಬೇಕು?

ದಿನಗಳ ಲೆಕ್ಕಕ್ಕಿಂತ ಮಳೆಯ ಲೆಕ್ಕ ಮುಖ್ಯ. ನಮ್ಮ ಕಡೆ ಮೇ ತಿಂಗಳಲ್ಲಿ ಒಂದು ಸುತ್ತು, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೊಂದು ಸುತ್ತು ಜೋರು ಮಳೆ ಬರುತ್ತದೆ. ದಿನವೂ ಓಡುವ ಸೈಕಲ್ಲನ್ನು ಅಕ್ಟೋಬರ್ ಮಳೆ ಮುಗಿದ ಮೇಲೆ ವರ್ಷಕ್ಕೊಮ್ಮೆಯಾದರೂ ಪೂರ್ತಿ ಬಿಚ್ಚಿಸಿ, ಹಬ್, ಪೆಡಲಿನ ನಡುವಿನ ಅಚ್ಚು, ಹ್ಯಾಂಡಲಿನ ಕಪ್ ಇವುಗಳಿಗೆ ಹೊಸ ಗ್ರೀಸು ಹಾಕಿಸಬೇಕು. ನೀರು ಹೊಕ್ಕ ಗ್ರೀಸು ಹಾಲು ಬೆರೆತ ಬಣ್ಣಕ್ಕೆ ತಿರುಗಿರುತ್ತದೆ.

ಬಿಚ್ಚಿದಾಗ ಪಕ್ಕದಲ್ಲಿ ನಿಂತು ನೋಡಿ. ಸಾಮಾನ್ಯ ಹಬ್ಬಿನಲ್ಲಿ ಹಿಂದಿನ ಚಕ್ರಕ್ಕೆ ಪ್ರತಿ ಬದಿಯಲ್ಲಿ ಕಾಲು ಇಂಚಿನ 9 ಬಾಲ್ಸು, ಮುಂದಿನದಕ್ಕೆ 3/16 ಇಂಚಿನ 10 ಬಾಲ್ಸು ಇರುತ್ತವೆ. ಹಳೆಯ ಬಾಲ್ಸುಗಳ ನಡುವೆ ಒಂದೆರಡು ಹೊಸದನ್ನು ಸೇರಿಸುವುದು ತಪ್ಪು, ಏಕೆಂದರೆ ಕೂದಲೆಳೆಯಷ್ಟು ದೊಡ್ಡದಾದ ಹೊಸ ಬಾಲ್ಸೇ ಭಾರವನ್ನೆಲ್ಲ ಹೊತ್ತು, ಬಾಲ್ಸು ಉರುಳುವ ಕೋನನ್ನು ಕೊರೆಯುತ್ತದೆ. ಬಾಲ್ಸನ್ನು ಪೂರ್ತಿ ಜೊತೆಯಾಗಿಯೇ ಬದಲಿಸಬೇಕು. ಕೋನಿನ ಮೇಲೆ ಗುಳಿ ಬಿದ್ದಿದ್ದರೆ ಎಷ್ಟು ಗ್ರೀಸು ಹಾಕಿದರೂ ಪ್ರಯೋಜನವಿಲ್ಲ, ಕೋನನ್ನೂ ಬದಲಿಸಿ.

ಬೈಕ್ ತೊಳೆಯೋ ಕಡೆ ಪ್ರೆಶರ್ ನೀರಲ್ಲಿ ತೊಳೆಸಬಹುದಾ?

ಬೇಡ. ಆ ಒತ್ತಡದ ನೀರು ಹಬ್, ಕಪ್‌ಗಳ ಅಂಚಿನಿಂದ ಒಳಹೊಕ್ಕು ಗ್ರೀಸನ್ನು ಹೊರತಳ್ಳುತ್ತದೆ. ಬಕೆಟ್ ನೀರು, ಸ್ವಲ್ಪ ಸೋಪು, ಹಳೆಯ ಬಟ್ಟೆ ಸಾಕು. ಕೈಯಿಂದ ತೊಳೆಯುವುದನ್ನೇ ನಾನು ಒತ್ತಾಯಿಸಲು ಇನ್ನೊಂದು ಕಾರಣವಿದೆ: ಬಟ್ಟೆ ಹಿಡಿದ ಕೈ ಫ್ರೇಮಿನ ಪ್ರತಿ ಮೂಲೆಗೂ ಹೋಗುವುದರಿಂದ, ತೊಳೆಯುವಾಗಲೇ ಬಿರುಕು, ತುಕ್ಕು, ಸಡಿಲವಾದ ನಟ್ಟು ಕಣ್ಣಿಗೆ ಬೀಳುತ್ತವೆ.

## ಸವೆಯುವ ಭಾಗಗಳು

ಚೈನ್ ಉದ್ದ ಆಗಿದೆ ಅಂತಾರೆ. ಕಬ್ಬಿಣ ಹೇಗೆ ಉದ್ದ ಆಗುತ್ತೆ?

ಚೈನಿನ ಪಟ್ಟಿಗಳು ಹಿಗ್ಗುವುದಿಲ್ಲ. ಕೊಂಡಿಗಳನ್ನು ಜೋಡಿಸುವ ಪಿನ್ನೂ ಅದು ತಿರುಗುವ ತೂತೂ ಸವೆದು, ಪ್ರತಿ ಜೋಡಣೆಯಲ್ಲಿ ಅಷ್ಟಷ್ಟೇ ಸಂದು ಬೀಳುತ್ತದೆ. ನೂರಕ್ಕೂ ಹೆಚ್ಚು ಜೋಡಣೆಗಳ ಸಂದು ಸೇರಿ ಚೈನು ಉದ್ದವಾದಂತೆ ಕಾಣುತ್ತದೆ. ಎಣ್ಣೆಗೆ ಅಂಟಿಕೊಂಡ ಮಣ್ಣಿನ ದೂಳು ಈ ಸವೆತವನ್ನು ಬೇಗ ಮಾಡಿಸುವುದರಿಂದ, ನಾಲೆ ಏರಿಯ ಮಣ್ಣುದಾರಿಯಲ್ಲಿ ಓಡುವ ಸೈಕಲ್ಲಿನ ಚೈನು ಡಾಂಬರು ರಸ್ತೆಯದಕ್ಕಿಂತ ಬೇಗ ಮುಗಿಯುತ್ತದೆ.

ಅಳೆಯಲು ಉದ್ದದ ಒಂದು ಸ್ಟೀಲ್ ಅಳತೆಪಟ್ಟಿ ಸಾಕು. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಇರುತ್ತದೆ. ಚೈನನ್ನು ಬಿಗಿಯಾಗಿ ಹಿಡಿದು ಒಂದು ಪಿನ್ನಿನ ನಡುಬಿಂದುವನ್ನು ಸೊನ್ನೆಗೆ ಇಟ್ಟು 24 ಕೊಂಡಿ ಎಣಿಸಿದರೆ, ಹೊಸ ಚೈನಿನಲ್ಲಿ 24ನೆಯ ಕೊಂಡಿ ಮುಗಿಯುವ ಪಿನ್ನು ಸರಿಯಾಗಿ 304.8 ಮಿ.ಮೀ.ಗೆ, ಅಂದರೆ 12 ಇಂಚಿಗೆ ಬರುತ್ತದೆ. ಅದು 306.3 ಮಿ.ಮೀ. ದಾಟಿದರೆ ಸವೆತ ಶೇಕಡಾ 0.5 ಆಗಿದೆ; ಹಿಂದೆ ಹನ್ನೊಂದೋ ಹನ್ನೆರಡೋ ಹಲ್ಲುಚಕ್ರಗಳಿರುವ ಗೇರ್ ಸೈಕಲ್ಲಿಗೆ ಆಗಲೇ ಹೊಸ ಚೈನು ಹಾಕಬೇಕು. ಅದಕ್ಕಿಂತ ಕಡಿಮೆ ಗೇರಿನವಕ್ಕೆ ಶೇಕಡಾ 0.75ರವರೆಗೆ ಕಾಯಬಹುದು. ಗೇರಿಲ್ಲದ ಸೈಕಲ್ಲಿಗೆ ಶೇಕಡಾ 1, ಅಂದರೆ ಸುಮಾರು 307.8 ಮಿ.ಮೀ. ಗಡಿ. ಗಡಿ ದಾಟಿದ ಚೈನು ಹಲ್ಲುಗಳನ್ನೂ ತನ್ನ ಅಳತೆಗೆ ತಿದ್ದಿಕೊಳ್ಳುತ್ತದೆ. ಆಮೇಲೆ ಹೊಸ ಚೈನು ಹಾಕಿದರೆ ಹಿಂದಿನ ಚಕ್ರದ ಹಳೆಯ ಫ್ರೀವೀಲಿನ ಹಲ್ಲುಗಳ ಮೇಲೆ ಹಾರುತ್ತದೆ, ಎರಡನ್ನೂ ಕೊಳ್ಳಬೇಕಾಗುತ್ತದೆ. ಎದ್ದು ನಿಂತು ತುಳಿಯುವಾಗ ಚೈನು ಹಾರಿದರೆ ಸವಾರ ಬೀಳುವುದು ಖಂಡಿತ ಎನ್ನುವಷ್ಟು ಸಹಜ, ಆದ್ದರಿಂದ ಇದು ಹಣದ ಪ್ರಶ್ನೆಯಷ್ಟೇ ಅಲ್ಲ.

ಮನೇಲಿರೋ ಕೊಬ್ಬರಿ ಎಣ್ಣೆ ಹಾಕಿದರೆ ಆಗಲ್ವಾ?

ಆಗದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಮೈಸೂರಿನ ಡಿಸೆಂಬರ್ ಬೆಳಗಿನಲ್ಲಿ ಅದು ಪಿನ್ನಿನೊಳಗೆ ಹೋಗದೆ ಮೇಲೆಯೇ ಗಟ್ಟಿಯಾಗಿ ದೂಳು ಹಿಡಿಯುತ್ತದೆ. ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲಿನಲ್ಲಿ ಲೋಹದ ಪುಡಿ ಇರುತ್ತದೆ, ಅದೂ ಬೇಡ. ಸೀಮೆಎಣ್ಣೆ ಅಥವಾ ಡೀಸೆಲಿನಿಂದ ಚೈನನ್ನು ತೊಳೆಯಬಹುದು, ಆದರೆ ಅದು ತೊಳೆಯಲು ಮಾತ್ರ. ಒಣಗಿದ ಮೇಲೆ ಸೈಕಲ್ ಚೈನಿನ ಎಣ್ಣೆಯನ್ನೋ ಹೊಲಿಗೆಯಂತ್ರದ ಎಣ್ಣೆಯನ್ನೋ ಪ್ರತಿ ಕೊಂಡಿಗೂ ಒಂದು ಹನಿಯಂತೆ ಬಿಟ್ಟು, ಹೊರಗಿನದನ್ನು ಬಟ್ಟೆಯಿಂದ ಒರೆಸಿ. ಎಣ್ಣೆಯ ಕೆಲಸ ಇರುವುದು ಒಳಗೆ.

ಬ್ರೇಕ್ ರಬ್ಬರ್ ಇನ್ನೂ ದಪ್ಪ ಇದೆ, ಆದರೂ ಮಳೇಲಿ ಬ್ರೇಕೇ ಹಿಡಿಯಲ್ಲ. ಯಾಕೆ?

ಮೊದಲು ರಿಮ್ಮಿಗೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ಉಕ್ಕಿನ ರಿಮ್ಮು. ಕ್ರೋಮ್ ಹೊಳಪಿನ ಉಕ್ಕಿನ ರಿಮ್ಮು ಒದ್ದೆಯಾದಾಗ ರಬ್ಬರಿಗೆ ಹಿಡಿತವನ್ನೇ ಕೊಡುವುದಿಲ್ಲ. ಇದು ಆ ಲೋಹದ ಗುಣ, ನಿಮ್ಮ ಬ್ರೇಕಿನ ದೋಷವಲ್ಲ. ಅಲ್ಯೂಮಿನಿಯಂ ರಿಮ್ಮು ಒದ್ದೆಯಲ್ಲಿ ಇದಕ್ಕಿಂತ ಎಷ್ಟೋ ಉತ್ತಮ. ಉಕ್ಕಿನ ರಿಮ್ಮಿನವರು ಮಳೆಯಲ್ಲಿ ನಿಲ್ಲಬೇಕಾದ ಜಾಗಕ್ಕಿಂತ ಬಹಳ ಮೊದಲೇ ಬ್ರೇಕನ್ನು ಮೆಲ್ಲಗೆ ತಾಗಿಸಿ, ಚಕ್ರ ಕೆಲವು ಸುತ್ತು ತಿರುಗಿ ನೀರು ಒರೆಸಿಕೊಂಡ ಮೇಲೆ ಬಿಗಿಯಾಗಿ ಹಿಡಿಯಬೇಕು.

ಎರಡನೆಯದಾಗಿ ರಬ್ಬರಿನ ವಯಸ್ಸು ನೋಡಿ. ದಪ್ಪವಿದ್ದರೂ ವರ್ಷಗಳ ಬಿಸಿಲಿಗೆ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಅದು ಜಾರುತ್ತದೆ. ಉಗುರಿನಿಂದ ಒತ್ತಿದರೆ ಸ್ವಲ್ಪವಾದರೂ ತಗ್ಗು ಬೀಳಬೇಕು. ರಬ್ಬರಿನಲ್ಲಿ ಸಿಕ್ಕಿಕೊಂಡ ಮರಳು, ಲೋಹದ ಚೂರುಗಳನ್ನು ಸೂಜಿಯಿಂದ ಕಿತ್ತು ತೆಗೆಯಿರಿ, ಇಲ್ಲದಿದ್ದರೆ ಅವು ರಿಮ್ಮನ್ನು ಕೆರೆಯುತ್ತವೆ.

ಸರಳು ಬ್ರೇಕಿನ ಹಳೆಯ ದೊಡ್ಡ ಸೈಕಲ್ಲುಗಳಲ್ಲಿ ರಬ್ಬರು ರಿಮ್ಮಿನ ಒಳಮೈಗೆ, ಹಬ್ಬಿನ ಕಡೆಯಿಂದ ಒತ್ತುತ್ತದೆ. ಆದ್ದರಿಂದ ಅಲ್ಲಿ ಚಕ್ರದ ಅಡ್ಡ ಬೆಂಡಿಗಿಂತ ಏರಿಳಿತದ ಬೆಂಡು ಹೆಚ್ಚು ತೊಂದರೆ ಕೊಡುತ್ತದೆ. ಸರಳುಗಳನ್ನು ಜೋಡಿಸುವ ಸಣ್ಣ ಸ್ಕ್ರೂಗಳನ್ನು ತಿಂಗಳಿಗೊಮ್ಮೆ ಬಿಗಿ ಮಾಡಿ. ಅವುಗಳಲ್ಲಿ ಒಂದು ಜಾರಿದರೂ ಆ ಬ್ರೇಕು ಇಲ್ಲವೆಂದೇ ಲೆಕ್ಕ.

ಚಾಮುಂಡಿ ಬೆಟ್ಟ ಇಳಿಯುವಾಗ ರಿಮ್ಮು ಮುಟ್ಟಿದರೆ ಸುಡುತ್ತೆ. ಇದರಿಂದ ಅಪಾಯ ಇದೆಯಾ?

ಇದೆ. ಬೆಟ್ಟದ ತುದಿ ನಗರಕ್ಕಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಸವಾರ ಮತ್ತು ಸೈಕಲ್ ಸೇರಿ 85 ಕೆ.ಜಿ. ಎಂದುಕೊಂಡರೆ ಇಳಿಯುವಷ್ಟರಲ್ಲಿ ಸುಮಾರು ಎರಡೂವರೆ ಲಕ್ಷ ಜೂಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು. ಅದು ಒಲೆಯ ಮೇಲಿಟ್ಟ ಒಂದು ಲೀಟರ್ ನೀರನ್ನು 60 ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾದ ಶಾಖ. ಒಂದು ಪಾಲು ಗಾಳಿಗೆ ಹೋಗುತ್ತದೆ, ಉಳಿದದ್ದನ್ನು ಬ್ರೇಕುಗಳು ನುಂಗಬೇಕು. ಇಳಿಯುವ ಉದ್ದಕ್ಕೂ ಬ್ರೇಕನ್ನು ಮೆಲ್ಲಗೆ ಹಿಡಿದೇ ಇದ್ದರೆ ರಿಮ್ಮಿಗೆ ತಣಿಯುವ ಸಮಯವೇ ಸಿಗದೆ ಒಳಗಿನ ಟ್ಯೂಬು ಬಿಸಿಯಾಗುತ್ತದೆ, ಗಾಳಿಯ ಒತ್ತಡವೂ ಏರುತ್ತದೆ. ನಂದಿಯ ಕಡೆಗೆ ತಿರುಗುವ ದಾರಿಯೇ ಇರಲಿ, ಬೇರೆ ತಿರುವುಗಳೇ ಇರಲಿ, ತಿರುವಿಗೆ ಮೊದಲು ಎರಡೂ ಬ್ರೇಕನ್ನು ಚೆನ್ನಾಗಿ ಹಿಡಿದು ವೇಗ ಇಳಿಸಿ, ನೇರ ದಾರಿಯಲ್ಲಿ ಬಿಟ್ಟು ರಿಮ್ಮಿಗೆ ಗಾಳಿ ತಾಗಲು ಬಿಡಿ.

ಇನ್ನೂ ಮುಖ್ಯವಾದದ್ದು ರಿಮ್ಮಿನ ಗೋಡೆಯ ದಪ್ಪ. ರಿಮ್ಮೇ ಬ್ರೇಕಿನ ಭಾಗವಾಗಿರುವ ಸೈಕಲ್ಲುಗಳಲ್ಲಿ ಪ್ರತಿ ಸಲ ಬ್ರೇಕ್ ಹಿಡಿದಾಗಲೂ ಅಲ್ಯೂಮಿನಿಯಂ ಕಣಕಣವಾಗಿ ಹೋಗುತ್ತದೆ. ಒಳಗಿನ ಟೈರಿನ ಒತ್ತಡ ಆ ಗೋಡೆಯನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಗೋಡೆ ತೆಳುವಾದ ದಿನ ಅದು ಉದ್ದಕ್ಕೂ ಸೀಳಿಕೊಂಡು ಟೈರು ಹೊರಬರುತ್ತದೆ. ಅನೇಕ ರಿಮ್ಮುಗಳ ಬ್ರೇಕ್ ಮೈಮೇಲೆ ಒಂದು ಸಣ್ಣ ಗುಳಿಯೋ ಗೀರೋ ಇರುತ್ತದೆ. ಅದು ಸವೆದು ಕಾಣದಂತಾದರೆ ರಿಮ್ಮಿನ ಆಯುಸ್ಸು ಮುಗಿದಿದೆ. ಗುರುತಿಲ್ಲದ ರಿಮ್ಮಿಗೆ ಅಳತೆಪಟ್ಟಿಯ ಅಂಚನ್ನು ನೆಟ್ಟಗೆ ಇಟ್ಟು ನೋಡಿ. ನಡುವೆ ಬೆಳಕು ಕಾಣುವಷ್ಟು ತಗ್ಗಿದ್ದರೆ ಟೈರು ಬಿಚ್ಚಿ ದಪ್ಪ ಅಳೆಸಿ. 1 ಮಿ.ಮೀ.ಗಿಂತ ಕಡಿಮೆಯಾದ ಗೋಡೆಯನ್ನು ನಾನು ನಂಬುವುದಿಲ್ಲ, ಬೆಟ್ಟ ಇಳಿಯುವವರೂ ನಂಬಬಾರದು.

ಡಿಸ್ಕ್ ಬ್ರೇಕ್ ಇದೆ. ನನಗೆ ಈ ಚಿಂತೆ ಇಲ್ಲ ಅಲ್ವಾ?

ರಿಮ್ಮಿನ ಚಿಂತೆ ಇಲ್ಲ, ಡಿಸ್ಕಿನ ಚಿಂತೆ ಇದೆ. ಸಾಮಾನ್ಯವಾಗಿ ಹೊಸ ಡಿಸ್ಕಿನ ದಪ್ಪ 1.8 ಮಿ.ಮೀ. ಇರುತ್ತದೆ, 1.5ಕ್ಕೆ ಬಂದರೆ ಬದಲಿಸಬೇಕು. ಕನಿಷ್ಠ ದಪ್ಪವನ್ನು ಬಹಳ ಡಿಸ್ಕುಗಳ ಮೇಲೆಯೇ ಕೊರೆದಿರುತ್ತಾರೆ. ಪ್ಯಾಡಿನ ಉಜ್ಜುವ ಪದರ ಅರ್ಧ ಮಿ.ಮೀ.ಗೆ ಇಳಿಯುವ ಮೊದಲೇ ಹೊಸದು ಹಾಕಿ. ಚೈನಿಗೆ ಎಣ್ಣೆ ಬಿಡುವಾಗ ಒಂದು ಹನಿ ಡಿಸ್ಕಿಗೆ ಬಿದ್ದರೂ ಪ್ಯಾಡು ಅದನ್ನು ಹೀರಿಕೊಂಡು ಹಿಡಿತ ಕಳೆದುಕೊಳ್ಳುತ್ತದೆ.

ಟೈರು ಯಾವಾಗ ಬದಲಿಸಬೇಕು? ಗೀರು ಹೋದ ಮಾತ್ರಕ್ಕೆ ಬಿಸಾಡಬೇಕಾ?

ಮೇಲಿನ ಗೀರು ಮಾಸಿದ್ದಕ್ಕಿಂತ ಒಳಗಿನ ದಾರ ಕಾಣಿಸುತ್ತಿದೆಯೇ ಎಂಬುದೇ ಮುಖ್ಯ. ನಡುವಿನ ರಬ್ಬರು ಚಪ್ಪಟೆಯಾಗಿ ದಾರ ಇಣುಕಿದರೆ, ಪಕ್ಕದ ಗೋಡೆಯಲ್ಲಿ ಸೀಳು ಬಿದ್ದಿದ್ದರೆ, ಗಾಳಿ ತುಂಬಿದಾಗ ಒಂದು ಕಡೆ ಉಬ್ಬಿದರೆ ಆ ಟೈರನ್ನು ಅಂದೇ ಇಳಿಸಿ. ಬಿಸಿಲಲ್ಲಿ ನಿಂತ ಸೈಕಲ್ಲಿನ ಟೈರು ಓಡದಿದ್ದರೂ ಒಣಗಿ ಬಿರಿಯುತ್ತದೆ. ಗಾಳಿ ಕಡಿಮೆಯಿಟ್ಟು ಓಡಿಸಿದರೆ ಪಕ್ಕದ ಗೋಡೆ ಮಡಿಸಿ ಮಡಿಸಿ ಇನ್ನೂ ಬೇಗ ಬಿರಿಯುತ್ತದೆ. ಒತ್ತಡದ ಮಿತಿಯನ್ನು ಆ ಗೋಡೆಯ ಮೇಲೆಯೇ ಅಚ್ಚು ಹಾಕಿರುತ್ತಾರೆ.

ಹಿಂದಿನ ಟೈರು ಬೇಗ ಸವೆಯುತ್ತದೆ. ಒಂದೇ ಹೊಸ ಟೈರು ಕೊಂಡರೆ ಅದನ್ನು ಮುಂದೆ ಹಾಕಿಸಿ, ಮುಂದಿನದನ್ನು ಹಿಂದಕ್ಕೆ ತನ್ನಿ. ಮುಂದಿನ ಟೈರು ಸಿಡಿದರೆ ಹ್ಯಾಂಡಲ್ ಹಿಡಿತಕ್ಕೆ ಸಿಗುವುದಿಲ್ಲ.

ಬ್ರೇಕ್ ಕೇಬಲ್ ಮುಂಚಿತವಾಗಿ ಸೂಚನೆ ಕೊಡುತ್ತಾ?

ಕೊಡುತ್ತದೆ. ಕೇಬಲ್ ಸಾಮಾನ್ಯವಾಗಿ ನಡುವೆ ಹರಿಯುವುದಿಲ್ಲ. ಬ್ರೇಕ್ ಹಿಡಿಯ ಒಳಗೆ, ಕೇಬಲ್ ತುದಿಯ ಗುಂಡು ಕೂರುವ ಜಾಗದ ಪಕ್ಕದಲ್ಲಿ ಒಂದೊಂದೇ ಎಳೆಯಾಗಿ ಹರಿಯುತ್ತದೆ. ಹಿಡಿಯನ್ನು ಪೂರ್ತಿ ಒತ್ತಿ ಒಳಗೆ ಬೆಳಕು ಬಿಟ್ಟು ನೋಡಿ. ಒಂದು ಎಳೆ ಹರಿದಿದ್ದರೂ ಬದಲಿಸಿ. ಇಡೀ ಸೈಕಲ್ಲಿನಲ್ಲಿ ಇದಕ್ಕಿಂತ ಅಗ್ಗದ ರಿಪೇರಿ ಇನ್ನೊಂದಿಲ್ಲ.

## ಭಾರ, ಬಿರುಕು, ಲೋಹದ ದಣಿವು

ಡೇರಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗ್ತೀನಿ. ಹಿಂದಿನ ಚಕ್ರದ ಕಡ್ಡಿ ಪದೇ ಪದೇ ಮುರಿಯುತ್ತೆ. ದಪ್ಪ ಕಡ್ಡಿ ಹಾಕಿಸಲಾ?

ದಪ್ಪಕ್ಕಿಂತ ಮೊದಲು ಬಿಗಿತ ನೋಡಿಸಿ. ಚಕ್ರದ ಕಡ್ಡಿಗಳೆಲ್ಲ ಎಳೆದು ಕಟ್ಟಿದ ಸ್ಥಿತಿಯಲ್ಲಿರುತ್ತವೆ. ಭಾರ ಬಿದ್ದಾಗ ನೆಲದ ಹತ್ತಿರವಿರುವ ಕಡ್ಡಿಗಳ ಎಳೆತ ಮಾತ್ರ ಕಡಿಮೆಯಾಗಿ, ಚಕ್ರ ತಿರುಗಿ ಮೇಲೆ ಹೋದಾಗ ಮತ್ತೆ ಬಿಗಿಯಾಗುತ್ತದೆ. ಅಂದರೆ ಪ್ರತಿ ಸುತ್ತಿಗೆ ಪ್ರತಿ ಕಡ್ಡಿಯೂ ಒಮ್ಮೆ ಸಡಿಲಗೊಂಡು ಒಮ್ಮೆ ಬಿಗಿಯುತ್ತದೆ. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್ ಎಂದುಕೊಂಡು, ದಿನಕ್ಕೆ 20 ಕಿ.ಮೀ.ನಂತೆ ವರ್ಷಕ್ಕೆ 300 ದಿನ ಓಡಿಸಿದರೆ ಇದು 28 ಲಕ್ಷಕ್ಕೂ ಹೆಚ್ಚು ಸಲ ನಡೆಯುತ್ತದೆ. ಕಡ್ಡಿ ಮೊದಲೇ ಸಡಿಲವಿದ್ದರೆ ಪ್ರತಿ ಸುತ್ತಿಗೂ ಎಳೆತ ಸೊನ್ನೆಗೆ ಇಳಿದು, ಹಬ್ಬಿನ ತೂತಿನಲ್ಲಿ ಬಾಗಿರುವ ಅದರ ಮೊಣಕೈ ಅಲುಗಾಡಿ ಅಲ್ಲಿಯೇ ದಣಿದು ಮುರಿಯುತ್ತದೆ. ನಿಮ್ಮ ಮುರಿದ ಕಡ್ಡಿಗಳನ್ನು ನೋಡಿ. ಬಹುಶಃ ಎಲ್ಲವೂ ಆ ಬಾಗಿನಲ್ಲಿಯೇ ತುಂಡಾಗಿರುತ್ತವೆ.

ಇಪ್ಪತ್ತು ಲೀಟರಿನ ಎರಡು ಕ್ಯಾನು ತುಂಬಿದರೆ ಹಾಲೇ 41 ಕೆ.ಜಿ. ಆಗುತ್ತದೆ, ಕ್ಯಾನಿನ ತೂಕ ಬೇರೆ. ಹಳೆಯ ದೊಡ್ಡ ಸೈಕಲ್ಲುಗಳಿಗೆ ಮುಂದೆ 32, ಹಿಂದೆ 40 ಕಡ್ಡಿ ಕೊಟ್ಟಿದ್ದು ಇಂಥ ಭಾರಕ್ಕಾಗಿಯೇ. ಒಂದು ಕಡ್ಡಿ ಮುರಿದರೆ ಅದರ ಪಾಲು ಅಕ್ಕಪಕ್ಕದವುಗಳ ಮೇಲೆ ಬೀಳುವುದರಿಂದ ಅಂದೇ ಹಾಕಿಸಿ, ಚಕ್ರದ ಬೆಂಡು ತೆಗೆಸುವುದರ ಜೊತೆಗೆ ಎಲ್ಲ ಕಡ್ಡಿಗಳ ಬಿಗಿತವನ್ನೂ ಸಮ ಮಾಡಿಸಿ. ನುರಿತ ಕೆಲಸಗಾರರು ಕಡ್ಡಿಯನ್ನು ಬೆರಳಿನಿಂದ ಮೀಟಿ ನಾದದಿಂದಲೇ ಬಿಗಿತ ಹೇಳುತ್ತಾರೆ. ಅಂಥವರು ಮಂಡ್ಯ, ಮದ್ದೂರು, ಪಾಂಡವಪುರದ ಹಳೆಯ ಶಾಪುಗಳಲ್ಲಿ ಇನ್ನೂ ಇದ್ದಾರೆ, ಅವರ ಕೈಗೇ ಕೊಡಿ. ಕೆಲವೇ ವಾರಗಳಲ್ಲಿ ಮೂರು ನಾಲ್ಕು ಕಡ್ಡಿ ಹೋದರೆ ಉಳಿದವೂ ಅಷ್ಟೇ ದಣಿದಿರುತ್ತವೆ. ಪೂರ್ತಿ ಸೆಟ್ಟು ಬದಲಿಸುವುದೇ ಸರಿ.

ಉಕ್ಕಿನ ಫ್ರೇಮು ತಲೆಮಾರು ಬಾಳುತ್ತೆ, ಅಲ್ಯೂಮಿನಿಯಂ ಬಾಳಲ್ಲ ಅಂತಾರೆ. ನಿಜಾನಾ?

ಅರ್ಧ ನಿಜ. 1842ರಲ್ಲಿ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು ಭೀಕರ ಅಪಘಾತವಾಯಿತು. ಮಾಮೂಲಿ ಭಾರವನ್ನೇ ಹೊರುತ್ತಿದ್ದ ಅಚ್ಚು ಏಕೆ ಮುರಿಯುತ್ತದೆ ಎಂಬ ಪ್ರಶ್ನೆಗೆ, ಮುಂದಿನ ದಶಕಗಳಲ್ಲಿ ಜರ್ಮನಿಯ ಆಗಸ್ಟ್ ವೋಲರ್ ಅಚ್ಚುಗಳನ್ನು ಲಕ್ಷಾಂತರ ಸಲ ಬಾಗಿಸಿ ಉತ್ತರ ಕಂಡುಕೊಂಡರು. ಒಂದೇ ಸಲಕ್ಕೆ ಏನೂ ಮಾಡದ ಒತ್ತಡ ಮತ್ತೆ ಮತ್ತೆ ಬಿದ್ದಾಗ ಬಿರುಕು ಹುಟ್ಟಿಸುತ್ತದೆ. ಉಕ್ಕಿಗೆ ಒಂದು ಮಿತಿಯಿದೆ. ಒತ್ತಡ ಅದಕ್ಕಿಂತ ಕೆಳಗಿದ್ದರೆ ಎಷ್ಟು ಸಲ ಬಾಗಿಸಿದರೂ ಅದು ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಒತ್ತಡ ಕಡಿಮೆಯಾದಷ್ಟೂ ಹೆಚ್ಚು ಕಾಲ ಬಾಳುತ್ತದೆ, ಆದರೆ ಲೆಕ್ಕ ನಡೆಯುತ್ತಲೇ ಇರುತ್ತದೆ.

ಹಾಗೆಂದು ಅಲ್ಯೂಮಿನಿಯಂ ಫ್ರೇಮನ್ನು ಹೆದರಿ ಬಿಡಬೇಕಾಗಿಲ್ಲ. ಅದರ ಕೊಳವೆಗಳನ್ನು ದೊಡ್ಡದಾಗಿ ಮಾಡಿ ಒತ್ತಡ ಬಹಳ ಕಡಿಮೆ ಇರುವಂತೆ ರೂಪಿಸಿರುತ್ತಾರೆ. ಐಎಸ್ಒ 4210 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಫ್ರೇಮು, ಫೋರ್ಕುಗಳನ್ನು ಮತ್ತೆ ಮತ್ತೆ ಬಾಗಿಸುವ ಪರೀಕ್ಷೆಗಳೇ ಇವೆ. ಇತ್ತ ಉಕ್ಕಿನ ವರವೂ ಷರತ್ತಿನದು. ತುಕ್ಕು ಹಿಡಿದು ಗುಳಿ ಬಿದ್ದ ಉಕ್ಕಿನಲ್ಲಿ ಆ ಮಿತಿ ಉಳಿಯುವುದಿಲ್ಲ, ಪ್ರತಿ ಗುಳಿಯೂ ಬಿರುಕಿಗೆ ಬಾಗಿಲಾಗುತ್ತದೆ. ಹತ್ತು ಮಳೆಗಾಲ ಹೊರಗೆ ನಿಂತ ಉಕ್ಕಿನ ಸೈಕಲ್ಲಿಗಿಂತ ಚೆನ್ನಾಗಿ ನೋಡಿಕೊಂಡ ಅಲ್ಯೂಮಿನಿಯಂ ಸೈಕಲ್ಲನ್ನೇ ನಾನು ಆರಿಸಿಕೊಳ್ಳುತ್ತೇನೆ.

ಫ್ರೇಮ್ ಮೇಲೆ ಒಂದು ಗೆರೆ ಕಾಣ್ತಿದೆ. ಪೇಂಟ್ ಬಿರಿದಿದ್ದೋ, ಲೋಹವೇ ಬಿರಿದಿದ್ದೋ ಹೇಗೆ ಗೊತ್ತಾಗುತ್ತೆ?

ಮೊದಲು ಗೆರೆ ಇರುವ ಜಾಗ ನೋಡಿ. ಹ್ಯಾಂಡಲ್ ಕೂರುವ ಕೊಳವೆಯ ಹಿಂದೆ ಕೆಳಗಿನ ಕೊಳವೆ ಸೇರುವ ಕಡೆ, ಪೆಡಲಿನ ಅಚ್ಚಿನ ಸುತ್ತ, ಸೀಟಿನ ಕಂಬಿ ಬಿಗಿಯುವ ಸೀಳಿನ ಬುಡ, ಹಿಂದಿನ ಚಕ್ರ ಕೂರುವ ಕಡೆ, ಫೋರ್ಕಿನ ಭುಜ, ಕ್ರ್ಯಾಂಕಿನಲ್ಲಿ ಪೆಡಲ್ ಹೊಕ್ಕ ತೂತಿನ ಅಂಚು, ಹ್ಯಾಂಡಲನ್ನು ನಡುವೆ ಬಿಗಿದಿರುವ ಹಿಡಿಕೆಯ ಅಂಚು, ಇವು ಬಿರುಕು ಹುಟ್ಟುವ ಜಾಗಗಳು. ಅದರಲ್ಲೂ ಬೆಸುಗೆಯ ಅಂಚಿಗೆ ಸಮಾನಾಂತರವಾಗಿ ಹೋಗುವ ಗೆರೆಯನ್ನು ಲೋಹದ ಬಿರುಕೆಂದೇ ಮೊದಲು ಭಾವಿಸಿ. ಕೊಳವೆಯ ನಡುವೆ ಕಲ್ಲು ಬಡಿದ ಗುರುತು ಬಹಳ ಸಲ ಪೇಂಟಿನದಷ್ಟೇ.

ಜಾಗವನ್ನು ಒರೆಸಿ, ಟಾರ್ಚಿನ ಬೆಳಕನ್ನು ಅಡ್ಡಲಾಗಿ ಬಿಟ್ಟು ನೋಡಿ. ಉಗುರು ಆಡಿಸಿದರೆ ಅದು ಸಿಕ್ಕಿಕೊಳ್ಳುತ್ತದೆಯೇ, ಹತ್ತಿಯ ಎಳೆ ಹಿಡಿಯುತ್ತದೆಯೇ ಪರೀಕ್ಷಿಸಿ. ಉಕ್ಕಿನಲ್ಲಿ ಗೆರೆಯಿಂದ ಕಂದು ತುಕ್ಕು ಒಸರುತ್ತಿದ್ದರೆ ಸಂಶಯವೇ ಬೇಡ. ಅನುಮಾನ ಉಳಿದರೆ ಅಲ್ಲಿನ ಪೇಂಟನ್ನು ಕೆರೆದು ಲೋಹ ನೋಡುವುದೇ ನೇರ ದಾರಿ. ಇನ್ನೊಂದು ದಾರಿ ಡೈ ಪೆನೆಟ್ರಂಟ್ ಪರೀಕ್ಷೆ: ಕೆಂಪು ದ್ರವ ಸಿಂಪಡಿಸಿ, ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆದರೆ ಬಿರುಕಿನೊಳಗೆ ಉಳಿದ ಕೆಂಪು ಗೆರೆಯಾಗಿ ಮೇಲೆ ಬರುತ್ತದೆ. ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿಯ ಕಾರ್ಖಾನೆಗಳಲ್ಲಿ ವೆಲ್ಡಿಂಗ್ ತಪಾಸಣೆ ಮಾಡುವವರಿಗೆ ಇದು ಪರಿಚಿತ ವಿಧಾನ. ಅಂಥ ಪರಿಚಯಸ್ಥರಿದ್ದರೆ ಒಮ್ಮೆ ತೋರಿಸಿ. ಫೋರ್ಕ್, ಹ್ಯಾಂಡಲ್, ಕ್ರ್ಯಾಂಕುಗಳಲ್ಲಿ ಗೆರೆ ಕಂಡರೆ ಮಾತ್ರ ಪರೀಕ್ಷೆಗೆ ಕಾಯುತ್ತ ಓಡಿಸಬೇಡಿ.

ಬಿರುಕನ್ನು ವೆಲ್ಡಿಂಗ್ ಮಾಡಿಸಿದರೆ ಸಾಕಾ?

ಹಳೆಯ ಉಕ್ಕಿನ ಸೈಕಲ್ಲಿನ ಕ್ಯಾರಿಯರ್, ಸ್ಟ್ಯಾಂಡ್, ಮಡ್‌ಗಾರ್ಡ್ ಕಡ್ಡಿಗೆ ಸಾಕು. ಉಕ್ಕಿನ ಫ್ರೇಮಿಗೆ ಹಿತ್ತಾಳೆಯ ಗ್ಯಾಸ್ ಬೆಸುಗೆಯಲ್ಲಿ ನುರಿತವರು ಮಾಡಿದರೆ ಒಪ್ಪಬಹುದು. ಗೇಟು ಕಿಟಕಿ ಬೆಸೆಯುವ ಕರೆಂಟ್ ವೆಲ್ಡಿಂಗ್ ಆ ತೆಳು ಕೊಳವೆಯನ್ನು ಸುಟ್ಟು, ಬೆಸುಗೆಯ ಪಕ್ಕದಲ್ಲಿಯೇ ಹೊಸ ಬಿರುಕಿಗೆ ಜಾಗ ಮಾಡುತ್ತದೆ. ಸೈಕಲ್ಲಿಗೆ ಬಳಸುವ 6061ರಂಥ ಅಲ್ಯೂಮಿನಿಯಂ ಮಿಶ್ರಲೋಹ ತನ್ನ ಬಲವನ್ನು ಪಡೆಯುವುದು ಕಾರ್ಖಾನೆಯ ಶಾಖ ಸಂಸ್ಕಾರದಿಂದ. ಬೆಸುಗೆಯ ಬಿಸಿಗೆ ಆ ಬಲ ಇಳಿದುಹೋಗುತ್ತದೆ, ಮತ್ತೆ ಕುಲುಮೆಯಲ್ಲಿ ಸಂಸ್ಕಾರ ಕೊಡದೆ ಮರಳಿ ಬರುವುದಿಲ್ಲ. ಫೋರ್ಕನ್ನು, ಯಾವ ಲೋಹದ್ದೇ ಆಗಲಿ, ಬೆಸೆಯಬಾರದು. ಬಾಗಿದ ಅಲ್ಯೂಮಿನಿಯಂ ಭಾಗವನ್ನು ಬಡಿದು ನೆಟ್ಟಗೆ ಮಾಡುವುದೂ ಇದೇ ಕಾರಣಕ್ಕೆ ಸಲ್ಲದು.

ಕಾರ್ಬನ್ ಸೈಕಲ್ ಕೊಂಡಿದ್ದೀನಿ. ಅದಕ್ಕೆ ತುಕ್ಕೂ ಇಲ್ಲ, ದಣಿವೂ ಇಲ್ಲ ಅಂತಾರಲ್ಲ?

ಕಾರ್ಬನ್ ನಾರಿಗೆ ತುಕ್ಕಿಲ್ಲ, ದಣಿವನ್ನೂ ಅದು ಚೆನ್ನಾಗಿ ತಡೆಯುತ್ತದೆ. ಅದರ ಶತ್ರು ಒಂದೇ ಜಾಗಕ್ಕೆ ಬೀಳುವ ಪೆಟ್ಟು ಮತ್ತು ಅತಿ ಬಿಗಿತ. ಕಂಬಕ್ಕೆ ಒರಗಿಸಿದ ಸೈಕಲ್ ಜಾರಿ ಕಲ್ಲಿನ ಅಂಚಿಗೆ ಬಿದ್ದರೂ ಹೊರಗೆ ಗೀರು ಮಾತ್ರ ಕಂಡು, ಒಳಪದರಗಳು ಒಂದರಿಂದೊಂದು ಬಿಟ್ಟಿರಬಹುದು. ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಟಣ್ ಎನ್ನುತ್ತಿದ್ದ ಸದ್ದು ಒಂದು ಕಡೆ ಮಂಕಾದರೆ ಅಲ್ಲಿ ಪದರ ಬಿಟ್ಟಿರುವ ಸಾಧ್ಯತೆಯಿದೆ. ಸದ್ದು ಸರಿಯಿದೆ ಎಂದ ಮಾತ್ರಕ್ಕೆ ಸುರಕ್ಷಿತವೆಂದು ಹೇಳಲಾಗದು, ಶ್ರವಣಾತೀತ ಧ್ವನಿಯ ಪರೀಕ್ಷೆಯೇ ಖಚಿತ.

ಬಿಗಿತದ ವಿಷಯ. ಕಾರ್ಬನ್ ಭಾಗಗಳ ಬೋಲ್ಟಿನ ಪಕ್ಕದಲ್ಲಿ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಎಂದೋ ಅದರ ಆಸುಪಾಸಿನ ಅಂಕಿಯನ್ನೋ ಬರೆದಿರುತ್ತಾರೆ. ಹತ್ತು ಸೆಂ.ಮೀ. ಉದ್ದದ ಅಲೆನ್ ಕೀಯ ತುದಿಯಲ್ಲಿ ಸುಮಾರು ಐದು ಕೆ.ಜಿ. ಭಾರದಷ್ಟು ಒತ್ತಿದರೆ ಅಷ್ಟಾಗುತ್ತದೆ, ಅಂದರೆ ನಾವು ಸಹಜವಾಗಿ ಬಿಗಿಯುವುದಕ್ಕಿಂತ ಬಹಳ ಕಡಿಮೆ. ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ಸ್ಪ್ಯಾನರ್ ಇಲ್ಲದೆ ಕಾರ್ಬನ್ ಭಾಗಗಳ ಬೋಲ್ಟು ಮುಟ್ಟಬೇಡಿ. ಜಾರದಂತಿರಲು ಅಲ್ಲಿ ಗ್ರೀಸಿನ ಬದಲು ಕಾರ್ಬನ್ ಪೇಸ್ಟ್ ಬಳಸಬೇಕು.

ಸೀಟಿನ ಕಂಬಿ ಫ್ರೇಮಿನೊಳಗೆ ಕಚ್ಚಿಕೊಂಡು ಬರ್ತಾನೇ ಇಲ್ಲ. ಹೊಡೆದು ತೆಗೆಯಲಾ?

ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಕಂಬಿಯಿದ್ದು ನಡುವೆ ಮಳೆನೀರು, ಬೆವರು ಇಳಿದರೆ ಎರಡು ಲೋಹಗಳ ನಡುವೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು ಅವು ಕಚ್ಚಿಕೊಳ್ಳುತ್ತವೆ. ಬೋಲ್ಟು ಸಡಿಲಿಸಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದೆರಡು ದಿನ ಕಾದು, ಎಳೆಯುವ ಬದಲು ತಿರುಗಿಸಿ. ಹೊಡೆದರೆ ಫ್ರೇಮೇ ಬಿರಿಯಬಹುದು. ವರ್ಷಕ್ಕೊಮ್ಮೆ ಕಂಬಿ ತೆಗೆದು ಗ್ರೀಸು ಹಚ್ಚಿದರೆ ಈ ತೊಂದರೆಯೇ ಇಲ್ಲ. ಮತ್ತೆ ಹಾಕುವಾಗ ಕಂಬಿಯ ಮೇಲಿನ ಕನಿಷ್ಠ ಆಳದ ಗೆರೆ ಹೊರಗೆ ಕಾಣಬಾರದು. ಹ್ಯಾಂಡಲ್ ಕಂಬಿಗೂ ಇದೇ ನಿಯಮ.

## ಬಿದ್ದ ಸೈಕಲ್, ಹಳೆಯ ಸೈಕಲ್

ಅಣ್ಣನಿಗೆ ಶಾಲೇಲಿ ಕೊಟ್ಟ ಸೈಕಲ್ ವರ್ಷಗಟ್ಟಲೆ ಮೂಲೇಲಿ ನಿಂತಿತ್ತು. ಈಗ ತಂಗಿ ಓಡಿಸಬಹುದಾ?

2006-07ರಲ್ಲಿ ಆರಂಭವಾದ ಎಂಟನೆಯ ತರಗತಿಯ ಮಕ್ಕಳ ಉಚಿತ ಸೈಕಲ್ ಯೋಜನೆಯ ಸೈಕಲ್ಲುಗಳು ನಮ್ಮ ಹಳ್ಳಿಗಳಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುತ್ತಲೇ ಇವೆ, ಇದು ಸಂತೋಷದ ವಿಷಯ. ಓಡಿಸಬಹುದು, ಆದರೆ ಗಾಳಿ ತುಂಬಿ ಕೊಟ್ಟುಬಿಡಬೇಡಿ. ಟೈರು, ಟ್ಯೂಬು, ಬ್ರೇಕ್ ರಬ್ಬರನ್ನು ಹೊಸದಾಗಿ ಹಾಕಿಸುವುದೇ ಒಳ್ಳೆಯದು, ಏಕೆಂದರೆ ನಿಂತಲ್ಲೇ ಮುದಿಯಾಗುವವು ಅವೇ. ಹಬ್ಬುಗಳನ್ನು ಬಿಚ್ಚಿಸಿ ಗ್ರೀಸು ಹಾಕಿಸಿ. ಕ್ರ್ಯಾಂಕ್ ಹಿಡಿದಿರುವ ಕಾಟರ್ ಪಿನ್ನು ಅಲುಗಾಡುತ್ತಿದೆಯೇ ನೋಡಿ. ಪೆಡಲುಗಳನ್ನು ಬಿಗಿಯುವಾಗ ಎಡಗಡೆಯದರ ಸುತ್ತು ಉಲ್ಟಾ ಎಂಬುದು ನೆನಪಿರಲಿ; ತಪ್ಪಾಗಿ ತಿರುಗಿಸಿದರೆ ಕ್ರ್ಯಾಂಕಿನ ತೂತಿನೊಳಗಿನ ಥ್ರೆಡ್ ಹಾಳಾಗುತ್ತದೆ. ರಿಪೇರಿಯಾಗಿ ಎರಡು ಮೂರು ವಾರ ಓಡಿದ ಮೇಲೆ ಕೇಬಲ್, ಕಡ್ಡಿ, ನಟ್ಟುಗಳು ಕೂತುಕೊಂಡು ಸಡಿಲಾಗುವುದರಿಂದ ಇನ್ನೊಮ್ಮೆ ಬಿಗಿ ಮಾಡಿಸಿ. ಸೀಟನ್ನು ಮಗುವಿನ ಎತ್ತರಕ್ಕೆ ಇಳಿಸುವುದನ್ನು ಮರೆಯಬೇಡಿ.

ಬಿದ್ದೆ, ಸೈಕಲ್‌ಗೆ ಏನೂ ಆದ ಹಾಗೆ ಕಾಣ್ತಿಲ್ಲ. ಮತ್ತೆ ಓಡಿಸಬಹುದಾ?

ಎದುರಿನಿಂದ ಗುದ್ದಿದ್ದರೆ ಕೆಳಗಿನ ಕೊಳವೆಯ ಅಡಿಯಲ್ಲಿ, ಹ್ಯಾಂಡಲ್ ಕೂರುವ ಕೊಳವೆಯ ಸ್ವಲ್ಪ ಹಿಂದೆ ಬೆರಳಾಡಿಸಿ. ಅಲ್ಲಿ ಪೇಂಟು ಸುಕ್ಕುಗಟ್ಟಿದ್ದರೆ, ಸಣ್ಣ ಉಬ್ಬು ತಾಗಿದರೆ ಫ್ರೇಮು ಮಡಚಿಕೊಂಡಿದೆ. ಪಕ್ಕದಿಂದ ನೋಡಿದಾಗ ಫೋರ್ಕು ಹಿಂದಕ್ಕೆ ಸರಿದಂತೆ ಕಂಡರೆ, ಕೈ ಸಡಿಲಿಸಿದಾಗ ಸೈಕಲ್ ಒಂದೇ ಕಡೆಗೆ ಎಳೆದರೆ, ಮುಂದಿನ ಚಕ್ರ ಫೋರ್ಕಿನ ನಡುವೆ ಕೂರದಿದ್ದರೆ ಫೋರ್ಕು ಬಾಗಿದೆ. ಹ್ಯಾಂಡಲ್ ಬಾಗಿದ್ದರೆ, ನೆಲಕ್ಕೆ ಜೋರಾಗಿ ಬಡಿದು ಗೀರು ಬಿದ್ದಿದ್ದರೆ, ಅದು ಅಲ್ಯೂಮಿನಿಯಂ ಆಗಿದ್ದರೆ ಬದಲಿಸಿಬಿಡಿ. ಹ್ಯಾಂಡಲಿನ ಬೆಲೆ ಕೆಲವು ನೂರು ರೂಪಾಯಿಯಿಂದ ಶುರುವಾಗುತ್ತದೆ, ಹಲ್ಲು ದವಡೆಯ ಚಿಕಿತ್ಸೆಯ ಖರ್ಚು ನಿಮಗೇ ಗೊತ್ತು. ತಲೆ ನೆಲಕ್ಕೆ ತಾಗಿದ್ದರೆ ಹೆಲ್ಮೆಟ್ಟಿನ ಕೆಲಸವೂ ಮುಗಿಯಿತು. ಅದರೊಳಗಿನ ನೊರೆಯ ಪದರ ಒಮ್ಮೆ ಜಜ್ಜಿ ಪೆಟ್ಟನ್ನು ಹೀರಿಕೊಂಡ ಮೇಲೆ ಮತ್ತೆ ಹಿಗ್ಗುವುದಿಲ್ಲ.

ಮುರಿದ ಕ್ರ್ಯಾಂಕ್ ಇಟ್ಟುಕೊಂಡಿದ್ದೀನಿ. ಯಾಕೆ ಮುರೀತು ಅಂತ ಅದನ್ನು ನೋಡಿ ಹೇಳೋಕಾಗುತ್ತಾ?

ಬಹಳ ಸಲ ಹೇಳಬಹುದು, ಮುರಿದ ಮುಖಗಳನ್ನು ಒಂದಕ್ಕೊಂದು ಉಜ್ಜದೆ ಇಟ್ಟುಕೊಂಡಿದ್ದರೆ. ಮುಖದಲ್ಲಿ ಎರಡು ಬಗೆಯ ಭಾಗ ಕಾಣುತ್ತದೆಯೇ ನೋಡಿ. ಒಂದು ಭಾಗ ನಯವಾಗಿ, ಕೆಲವೊಮ್ಮೆ ಕೊಳೆಯಿಂದ ಕಪ್ಪಾಗಿ, ಕೆರೆ ಬತ್ತಿದಾಗ ದಡದಲ್ಲಿ ಉಳಿಯುವಂಥ ಬಾಗಿದ ಗೆರೆಗಳಿಂದ ಕೂಡಿದ್ದರೆ ಬಿರುಕು ಬಹಳ ದಿನಗಳಿಂದ ಬೆಳೆಯುತ್ತಿತ್ತು. ಆ ಗೆರೆಗಳ ಕೇಂದ್ರ ತೋರಿಸುವ ಜಾಗದಲ್ಲಿ ಅದು ಹುಟ್ಟಿತು. ಅಲ್ಲಿ ಒಂದು ಗೀರು, ಗುಳಿ ಅಥವಾ ಚೂಪಾದ ಅಂಚು ಸಿಗಬಹುದು. ಉಳಿದ ಭಾಗ ಹೊಳೆಯುತ್ತ ಹರಳುಹರಳಾಗಿ ಒರಟಾಗಿದ್ದರೆ ಅದು ಕೊನೆಯ ಕ್ಷಣದಲ್ಲಿ ಮುರಿದ ಪಾಲು. ನಯವಾದ ಭಾಗ ದೊಡ್ಡದಾಗಿದ್ದು ಒರಟು ಭಾಗ ಚಿಕ್ಕದಾಗಿದ್ದರೆ ಆ ಕ್ರ್ಯಾಂಕು ಅಷ್ಟು ಕಡಿಮೆ ಲೋಹದ ಮೇಲೆ ನಿಮ್ಮನ್ನು ಹೊತ್ತಿತ್ತು ಎಂದರ್ಥ, ಅಂದರೆ ಅಷ್ಟು ದಿನ ಬಿರುಕು ಹೊರಗಿನಿಂದ ಕಾಣುವ ಸ್ಥಿತಿಯಲ್ಲಿತ್ತು. ಇಡೀ ಮುಖ ಒರಟಾಗಿಯೇ ಇದ್ದರೆ ಅದು ಒಂದೇ ಪೆಟ್ಟಿಗೆ ಹೋದದ್ದು. ಮೊದಲನೆಯ ಬಗೆಯದಾದರೆ ಇನ್ನೊಂದು ಬದಿಯ ಕ್ರ್ಯಾಂಕನ್ನೂ ಬದಲಿಸಿ. ಅದೂ ಅಷ್ಟೇ ಕಿ.ಮೀ. ತುಳಿಸಿಕೊಂಡಿದೆ.